ಕುದುರೆಯ ಪಕ್ಕೆಯಲ್ಲಿ ರಕ್ತ ಕಂಡರೆ ಉತ್ತರ ಹೇಳಬೇಕಾದವರು ಯಾರು? ಎಫ್‌ಇಐನ ಹೊಸ ನಿಯಮ ಮತ್ತು ನಮ್ಮ ಒಕ್ಕೂಟದ ಹೊಣೆ

ಹವ್ಯಾಸಿ ಸವಾರ, ಬೆಂಗಳೂರು

ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ, ಅಂದರೆ ನಾವೆಲ್ಲ ಎಫ್‌ಇಐ ಎಂದು ಕರೆಯುವ ಸಂಸ್ಥೆ, 2025ರ ನವೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆಸಿದ ಮಹಾಸಭೆಯಲ್ಲಿ ಷೋ ಜಂಪಿಂಗ್‌ನ, ಅಂದರೆ ಕುದುರೆಯೊಂದಿಗೆ ಅಡ್ಡಕಂಬಗಳನ್ನು ಜಿಗಿಯುವ ಸ್ಪರ್ಧೆಯ, ರಕ್ತದ ನಿಯಮವನ್ನು ಬದಲಾಯಿಸಿತು. ಹಳೆಯ ನಿಯಮದಂತೆ ಸ್ಪರ್, ಅಂದರೆ ಸವಾರನ ಬೂಟಿನ ಹಿಮ್ಮಡಿಗೆ ಕಟ್ಟುವ ಲೋಹದ ಮೊನೆ, ಚುಚ್ಚಿ ಕುದುರೆಯ ಪಕ್ಕೆಯಲ್ಲಿ ರಕ್ತ ಕಾಣಿಸಿದರೆ ಸವಾರ ಅನರ್ಹನಾಗುತ್ತಿದ್ದ. ಹೊಸ ನಿಯಮದಂತೆ, ಕುದುರೆ ಸ್ಪರ್ಧಿಸಲು ಯೋಗ್ಯವಾಗಿದೆ ಎಂದು ಪಶುವೈದ್ಯರು ಹೇಳಿದರೆ ಸವಾರನ ಹೆಸರಿನಲ್ಲಿ ಒಂದು ಎಚ್ಚರಿಕೆ ದಾಖಲಾಗುತ್ತದೆ, ಸ್ಪರ್ಧೆ ಮುಂದುವರಿಯುತ್ತದೆ. ವರ್ಷದೊಳಗೆ ಮತ್ತೆ ಹಾಗಾದರೆ ಮಾತ್ರ ದಂಡ ಮತ್ತು ಅಮಾನತು.

ಈ ತಿದ್ದುಪಡಿಯನ್ನು ಮಂಡಿಸಿದ ಸಂಸ್ಥೆಯೇ ಟೋಕಿಯೊ ಒಲಿಂಪಿಕ್ಸ್‌ನ ನಂತರ, 2022ರಲ್ಲಿ, ಕುದುರೆಗಳ ಬಳಕೆಯ ನೈತಿಕತೆ ಮತ್ತು ಅವುಗಳ ಕ್ಷೇಮದ ಕುರಿತು ಸ್ವತಂತ್ರ ಆಯೋಗವೊಂದನ್ನು ನೇಮಿಸಿತ್ತು. ಪ್ರೊಫೆಸರ್ ನಟಾಲಿ ವಾರನ್ ಅವರ ಅಧ್ಯಕ್ಷತೆಯ ಆ ಆಯೋಗವು ಸಾರ್ವಜನಿಕರನ್ನೂ ಸವಾರರನ್ನೂ ಹಲವು ದೇಶಗಳಲ್ಲಿ ಪ್ರಶ್ನಿಸಿ 2023ರಲ್ಲಿ ಅಂತಿಮ ವರದಿ ಕೊಟ್ಟಿತು. ಕ್ರೀಡೆಯಲ್ಲಿ ಕುದುರೆಗಳನ್ನು ಬಳಸುವ ರೀತಿಯ ಬಗ್ಗೆ ಜನರಿಗೆ ಆತಂಕವಿದೆ, ಆ ಆತಂಕ ಕ್ರೀಡೆಯ ಒಳಗಿನವರಿಗೂ ಇದೆ, ಜನರ ಒಪ್ಪಿಗೆ ಕಳೆದುಹೋದರೆ ಕ್ರೀಡೆಯೇ ಉಳಿಯದು ಎಂಬುದು ಅದರ ತಿರುಳಾಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದೇ ಸಂಸ್ಥೆ, ಕ್ರೀಡೆಯಲ್ಲಿ ಇದ್ದುದರಲ್ಲೇ ಅತ್ಯಂತ ಸ್ಪಷ್ಟವಾಗಿದ್ದ ನಿಯಮವನ್ನು ಸಡಿಲಗೊಳಿಸಿತು.

ಕುದುರೆಗೆ ಹಿಂಸೆಯಾದ ದೊಡ್ಡ ಪ್ರಕರಣಗಳು ಹೊರಬಂದ ಬಗೆಯನ್ನು ನೋಡಿ. 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಆರಂಭವಾಗಲು ದಿನಗಳಿರುವಾಗ, ಡ್ರೆಸ್ಸಾಜ್‌ನಲ್ಲಿ, ಅಂದರೆ ಕುದುರೆಯ ನಿಗದಿತ ಹೆಜ್ಜೆಗಳಿಗೆ ಅಂಕ ಕೊಡುವ ಸ್ಪರ್ಧೆಯಲ್ಲಿ, ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ಸ್ಪರ್ಧೆಯಿಂದ ಹಿಂದೆ ಸರಿದರು. ಖಾಸಗಿ ತರಬೇತಿಯೊಂದರಲ್ಲಿ ಅವರು ಉದ್ದನೆಯ ಚಾವಟಿಯಿಂದ ಕುದುರೆಯ ಕಾಲುಗಳಿಗೆ ಮತ್ತೆ ಮತ್ತೆ ಹೊಡೆದ, ವರ್ಷಗಳಷ್ಟು ಹಳೆಯ ವಿಡಿಯೊ ಎಫ್‌ಇಐಗೆ ತಲುಪಿತ್ತು. ಅದೇ ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಪಾರೊ ತಮ್ಮ ಕುದುರೆಯ ಕತ್ತನ್ನು ಎದೆಯ ಕಡೆಗೆ ಅತಿಯಾಗಿ ಬಾಗಿಸಿ ಸವಾರಿ ಮಾಡುತ್ತಿದ್ದ ಚಿತ್ರಗಳನ್ನು ಪ್ರಾಣಿ ಹಕ್ಕುಗಳ ಸಂಘಟನೆಯೊಂದು ಕಳುಹಿಸಿದ ಮೇಲೆ ಅವರಿಗೆ ಎಚ್ಚರಿಕೆ ಕಾರ್ಡ್ ಸಿಕ್ಕಿತು. ಎರಡೂ ಸಂದರ್ಭಗಳಲ್ಲಿ ಮೊದಲು ನೋಡಿದ ಕಣ್ಣು ಒಕ್ಕೂಟದ್ದಾಗಿರಲಿಲ್ಲ.

ನಿಯಮ ಬರೆಯುವುದು, ಸ್ಪರ್ಧೆಗಳಿಗೆ ಅನುಮತಿ ಕೊಡುವುದು, ಪ್ರಾಯೋಜಕರನ್ನು ತರುವುದು, ಉಸ್ತುವಾರಿಗಾಗಿ ಸ್ಟೀವರ್ಡ್‌ಗಳನ್ನು ನೇಮಿಸುವುದು, ದೂರಿನ ಮೇಲೆ ಮೊಕದ್ದಮೆ ಹೂಡುವುದು, ಇವೆಲ್ಲವೂ ಒಂದೇ ಕಟ್ಟಡದಿಂದ ನಡೆಯುವಾಗ ಕುದುರೆಯ ಪರವಾಗಿ ನಿಲ್ಲುವವರು ಯಾರು ಎಂಬುದನ್ನು ಇಲ್ಲಿ ಚರ್ಚಿಸೋಣ. ನಮ್ಮ ಭಾರತೀಯ ಒಕ್ಕೂಟವೂ, ಅಂದರೆ ಇಎಫ್‌ಐ ಕೂಡ, ಎಫ್‌ಇಐನ ಸದಸ್ಯ. ಆದ್ದರಿಂದ ಇದನ್ನು ಯೂರೋಪಿನವರ ತಲೆನೋವು ಎಂದು ಬಿಡುವಂತಿಲ್ಲ.

ಸವಾರಿ ತರಬೇತುದಾರ, ಯಲಹಂಕ

ಬರೆದವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ರಕ್ತದ ನಿಯಮದ ಇನ್ನೊಂದು ಮುಖವನ್ನೂ ಹೇಳಬೇಕು. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಗ್ರ್ಯಾನ್ ಪ್ರಿ ಸ್ಪರ್ಧೆಯಲ್ಲಿ ಐರ್ಲೆಂಡಿನ ತರುಣ ಬರ್ಟ್ರಮ್ ಆಲನ್ ಗೆದ್ದ ಮೇಲೆ, ಕುದುರೆಯ ಪಕ್ಕೆಯಲ್ಲಿ ಸಣ್ಣದೊಂದು ರಕ್ತದ ಗುರುತು ಕಂಡಿತೆಂದು ಅನರ್ಹರಾದರು. ಹೊಡೆತವಿಲ್ಲದೆ, ಸಿಟ್ಟಿಲ್ಲದೆ, ಎತ್ತರದ ಜಿಗಿತದಲ್ಲಿ ಕಾಲು ಜಾರಿ ಸ್ಪರ್ ಉಜ್ಜಿದರೂ ಹಾಗಾಗಬಹುದು. ಉದ್ದೇಶಪೂರ್ವಕವಾಗಿ ಚುಚ್ಚಿದವನನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂದು ಸವಾರರು ಕೇಳಿದರು. ಹೊಸ ನಿಯಮದಲ್ಲಿ ಪ್ರತಿ ಎಚ್ಚರಿಕೆಯೂ ದಾಖಲೆಗೆ ಸೇರುತ್ತದೆ, ಆದ್ದರಿಂದ ಪದೇ ಪದೇ ತಪ್ಪು ಮಾಡುವವನು ಕಣ್ಣಿಗೆ ಬೀಳುತ್ತಾನೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ನಮ್ಮ ನಗರದ ಫೌಆದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್‌ನ, ಅಂದರೆ ಡ್ರೆಸ್ಸಾಜ್, ಬಯಲು ಓಟ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆಯ, ವೈಯಕ್ತಿಕ ಮತ್ತು ತಂಡ ವಿಭಾಗಗಳಲ್ಲಿ ಬೆಳ್ಳಿ ಗೆದ್ದು, ಟೋಕಿಯೊದಲ್ಲಿ ಸೆಗ್ನೂರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ ಅಂತಿಮ ಸುತ್ತು ತಲುಪಿ 23ನೇ ಸ್ಥಾನ ಪಡೆದಾಗ ಎಷ್ಟು ಮಕ್ಕಳು ಸವಾರಿ ಕಲಿಯಲು ಬಂದರು ಎಂಬುದನ್ನು ಬಲ್ಲೆ. ನಿಯಮಗಳ ಬಗ್ಗೆ ಮಾತನಾಡುವಾಗ ಕ್ರೀಡೆಯನ್ನೇ ಅಪರಾಧವೆಂಬಂತೆ ಬಿಂಬಿಸಬಾರದು ಎಂಬುದಷ್ಟೇ ನನ್ನ ಕೋರಿಕೆ.

ಪಶುವೈದ್ಯ, ಧಾರವಾಡ

ತರಬೇತುದಾರ ಸರ್ ಅವರಿಗೆ: ಪಕ್ಕೆಯ ವಿಚಾರದಲ್ಲಿ ನಿಮ್ಮ ಮಾತನ್ನು ಚರ್ಚಿಸಬಹುದು. ಬಾಯಲ್ಲಿ ರಕ್ತ ಕಾಣುವ ವಿಚಾರದಲ್ಲಿ ಹಳೆಯ ನಿಯಮವೇ ಸಾಕಷ್ಟು ಉದಾರವಾಗಿತ್ತು. ಕುದುರೆ ತನ್ನ ನಾಲಿಗೆಯನ್ನೋ ತುಟಿಯನ್ನೋ ಕಚ್ಚಿಕೊಂಡಂತೆ ತೋರಿದರೆ, ಅಧಿಕಾರಿಗಳು ಬಾಯಿ ತೊಳೆಸಿ ಒರೆಸಿ ಮುಂದುವರಿಯಲು ಬಿಡಬಹುದಿತ್ತು. ಮತ್ತೆ ರಕ್ತ ಬಂದರೆ ಮಾತ್ರ ಹೊರಹಾಕಬೇಕಿತ್ತು. ಹೀಗಿದ್ದೂ ಸಡಿಲಿಕೆ ಬೇಕೆಂದರೆ, ಒರೆಸಿದ ಮೇಲೂ ರಕ್ತ ಒಸರುವ ಬಾಯಿಯೊಂದಿಗೆ ಮುಂದುವರಿಯುವುದನ್ನು ಒಪ್ಪಿದಂತಾಯಿತು. 2010ರಲ್ಲಿ ಕೆಂಟಕಿಯಲ್ಲಿ ನಡೆದ ವಿಶ್ವ ಕುದುರೆ ಸವಾರಿ ಕ್ರೀಡಾಕೂಟದಲ್ಲಿ ಡ್ರೆಸ್ಸಾಜ್ ತೀರ್ಪುಗಾರರು, ಗೆಲ್ಲಬಹುದಾದವರಲ್ಲಿ ಒಬ್ಬರಾಗಿದ್ದ ಅಡೆಲಿಂಡೆ ಕಾರ್ನೆಲಿಸನ್ ಅವರ ಕುದುರೆ ಪಾರ್ಜಿವಲ್‌ನ ಬಾಯಲ್ಲಿ ರಕ್ತ ಕಂಡ ಕೂಡಲೇ ಗಂಟೆ ಬಾರಿಸಿ ನಿಲ್ಲಿಸಿದರು. ನಾಲಿಗೆ ಕಚ್ಚಿಕೊಂಡಿತ್ತು ಅಷ್ಟೆ. ಯಾರನ್ನೂ ಅಪರಾಧಿ ಎನ್ನಲಿಲ್ಲ, ಆದರೆ ಸವಾರಿ ಅಲ್ಲಿಗೆ ಮುಗಿಯಿತು. ಅನರ್ಹತೆಯನ್ನು ಶಿಕ್ಷೆಯೆಂದು ಭಾವಿಸುವುದರಿಂದಲೇ ಈ ಗೊಂದಲವೆಲ್ಲ ಹುಟ್ಟುತ್ತದೆ. ಗಾಯಗೊಂಡ ಪ್ರಾಣಿಯನ್ನು ಕೆಲಸದಿಂದ ಬಿಡಿಸುವುದು ಅದರ ಮೊದಲ ಉದ್ದೇಶ.

ಹೊರಗಿನವರಿಗೆ ಸುಲಭವಾಗಿ ಕಾಣದ ವಿಷಯವೊಂದನ್ನು ವಿವರಿಸುತ್ತೇನೆ. ಕುದುರೆಯ ಮೂತಿಯ ಸುತ್ತ ಕಟ್ಟುವ ಪಟ್ಟಿ, ಅಂದರೆ ನೋಸ್‌ಬ್ಯಾಂಡ್, ಮೂಗಿನ ತೆಳುವಾದ ಮೂಳೆಯ ಮೇಲೆ ಕೂರುತ್ತದೆ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಪಟ್ಟಿಯನ್ನು ಬಿಗಿದರೆ ಅದು ಬಾಯಿ ತೆರೆಯಲಾಗದು, ನಾಲಿಗೆಯನ್ನು ಹೊರಳಿಸಲಾಗದು, ಕಡಿವಾಣ ಒತ್ತಿದ ನೋವನ್ನು ತೋರಿಸಲೂ ಆಗದು. ತೀರ್ಪುಗಾರರ ಕಣ್ಣಿಗೆ ಅದು ಶಾಂತವಾಗಿ ಬಾಯಿ ಮುಚ್ಚಿಕೊಂಡ ಒಳ್ಳೆಯ ಕುದುರೆಯಾಗಿ ಕಾಣುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕೆಂಬುದು ಲಾಯಗಳಲ್ಲಿ ತಲೆಮಾರುಗಳಿಂದ ಇರುವ ಮಾತು, ಆದರೆ ಯಾರ ಬೆರಳು, ಪಟ್ಟಿಯ ಯಾವ ಜಾಗದಲ್ಲಿ ಎಂಬುದಕ್ಕೆ ಅಳತೆಯಿರಲಿಲ್ಲ. ಕೆನ್ನೆಯ ಪಕ್ಕದಲ್ಲಿ ಮಾಂಸಲ ಭಾಗವಿರುವುದರಿಂದ ಅಲ್ಲಿ ಬೆರಳು ತೂರಿಸಿ ಸರಿಯಾಗಿದೆ ಎನ್ನಬಹುದಿತ್ತು. ಎಫ್‌ಇಐ ಮೂಗಿನ ನಡುಮೂಳೆಯ ಮೇಲೆಯೇ ಇಟ್ಟು ನೋಡುವ ಒಂದೇ ಮಾದರಿಯ ಅಳತೆ ಸಾಧನವನ್ನು ಜಾರಿಗೆ ತಂದದ್ದು 2025ರಲ್ಲಿ. ಅದು ಒಳ್ಳೆಯ ಕೆಲಸವೆಂದು ಒಪ್ಪಲೇಬೇಕು. ಅಷ್ಟು ಸರಳವಾದ ಅಳತೆಗೆ ಅಷ್ಟು ವರ್ಷ ಬೇಕಾದದ್ದೇಕೆ ಎಂಬ ಪ್ರಶ್ನೆಯನ್ನು ಮಾತ್ರ ಆ ಒಳ್ಳೆಯ ಕೆಲಸ ಅಳಿಸುವುದಿಲ್ಲ.

ಮಗಳು ಸವಾರಿ ಕಲಿಯುತ್ತಿರುವ ತಾಯಿ, ಜಕ್ಕೂರು

ಡಾಕ್ಟರೇ, ನಮ್ಮಂತಹ ಪೋಷಕರು ಕುದುರೆಗೆ ನೋವಾಗುತ್ತಿದೆಯೇ ಎಂಬುದನ್ನು ಹೇಗೆ ಗುರುತಿಸಬೇಕು? ಕೇಳಿದರೆ ‘ಅದಕ್ಕೆ ಸೋಮಾರಿತನ, ಹಟ’ ಎಂಬ ಉತ್ತರವೇ ಸಿಗುತ್ತದೆ.

ಪಶುವೈದ್ಯ, ಧಾರವಾಡ

ಅಮ್ಮಾ, ಸವಾರಿಯ ಸಮಯದಲ್ಲಿ ಕುದುರೆ ನೋವನ್ನು ತೋರಿಸುವ 24 ಬಗೆಯ ವರ್ತನೆಗಳ ಪಟ್ಟಿಯೊಂದನ್ನು ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ತಂಡ ಸಿದ್ಧಪಡಿಸಿದೆ. ಕಿವಿಗಳನ್ನು ಬಹಳ ಹೊತ್ತು ಹಿಂದಕ್ಕೆ ಒತ್ತಿಕೊಂಡಿರುವುದು, ಬಾಯಿ ತೆರೆದು ಮುಚ್ಚುತ್ತಿರುವುದು, ನಾಲಿಗೆ ಹೊರಚಾಚುವುದು, ಬಾಲವನ್ನು ಬಿಗಿಯಾಗಿ ಒತ್ತಿಕೊಳ್ಳುವುದು ಅಥವಾ ಜೋರಾಗಿ ಬೀಸುವುದು, ನೆಟ್ಟ ನೋಟ, ಮುಂದಕ್ಕೆ ಹೋಗಲು ಒಪ್ಪದೆ ನಿಲ್ಲುವುದು ಅದರಲ್ಲಿವೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ವರ್ತನೆಗಳು ಒಟ್ಟಿಗೆ ಕಂಡರೆ ಮೂಳೆಯಲ್ಲೋ ಸ್ನಾಯುವಿನಲ್ಲೋ ನೋವಿರುವ ಸಾಧ್ಯತೆ ಹೆಚ್ಚು. ಒಂದೆರಡು ಕಂಡ ಮಾತ್ರಕ್ಕೆ ತೀರ್ಮಾನಿಸಬೇಡಿ. ಹಟವೆಂದು ಉತ್ತರಿಸುವವರನ್ನು, ಕಳೆದ ಬಾರಿ ಪಶುವೈದ್ಯರು ಬೆನ್ನು, ಹಲ್ಲು ಮತ್ತು ಗೊರಸನ್ನು ಯಾವಾಗ ನೋಡಿದರು, ಜೀನು ಈ ಕುದುರೆಯ ಬೆನ್ನಿಗೆ ಹೊಂದುತ್ತದೆಯೇ ಎಂದು ಕೇಳಿ.

ವಕೀಲ, ಮೈಸೂರು

ಉತ್ತರದಾಯಿತ್ವದ ಪ್ರಶ್ನೆಗೆ ಅತ್ಯಂತ ಕಠಿಣ ಉದಾಹರಣೆ ದೂರ ಓಟ, ಅಂದರೆ ಎಂಡ್ಯೂರೆನ್ಸ್. 2006ರಿಂದ 2014ರವರೆಗೆ ಎಫ್‌ಇಐನ ಅಧ್ಯಕ್ಷರಾಗಿದ್ದ ರಾಜಕುಮಾರಿ ಹಯಾ ಅವರು ದುಬೈನ ದೊರೆಯ ಪತ್ನಿಯಾಗಿದ್ದರು. ಅದೇ ಅವಧಿಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಮರುಭೂಮಿ ಓಟಗಳಲ್ಲಿ ಮೂಳೆ ಮುರಿತ, ನಿಷೇಧಿತ ಔಷಧ, ಅತಿವೇಗಗಳ ಬಗ್ಗೆ ಯೂರೋಪಿನ ಒಕ್ಕೂಟಗಳು ದೂರುತ್ತಲೇ ಇದ್ದವು. ದೂರು ಯಾರ ಬಗ್ಗೆಯೋ ಅವರದೇ ಮನೆತನ ದೂರನ್ನು ಸ್ವೀಕರಿಸುವ ಸಂಸ್ಥೆಯ ತಲೆಯಲ್ಲಿದ್ದಾಗ, ವ್ಯಕ್ತಿಗಳು ಎಷ್ಟೇ ಪ್ರಾಮಾಣಿಕರಾಗಿದ್ದರೂ ಜನರು ನಂಬುವುದಾದರೂ ಹೇಗೆ? 2015ರ ಮಾರ್ಚಿನಲ್ಲಿ, ಅವರು ಹುದ್ದೆಯಿಂದ ಇಳಿದ ಮೇಲೆ, ಎಫ್‌ಇಐ ಎಮಿರೇಟ್ಸ್ ಒಕ್ಕೂಟವನ್ನು ಅಮಾನತುಗೊಳಿಸಿತು. ಕೆಲವೇ ತಿಂಗಳಲ್ಲಿ, ಷರತ್ತುಗಳ ಒಪ್ಪಂದವಾದ ಮೇಲೆ, ಅಮಾನತು ತೆರವಾಯಿತು.

2016ರ ಅಕ್ಟೋಬರಿನಲ್ಲಿ ಅಬುಧಾಬಿಯ ಅಲ್ ವತ್ಬಾದಲ್ಲಿ ನಡೆದ ಓಟದಲ್ಲಿ ಕ್ಯಾಸಲ್‌ಬಾರ್ ಕಾಂಟ್ರಾಬ್ಯಾಂಡ್ ಎಂಬ ಕುದುರೆಯ ಮುಂಗಾಲು ಮುರಿದು ಅದಕ್ಕೆ ದಯಾಮರಣ ನೀಡಬೇಕಾಯಿತು. ಎಫ್‌ಇಐ ನ್ಯಾಯಮಂಡಳಿ ಪರಿಶೀಲಿಸಿದಾಗ, ಕಾಲಿನ ನರ ಮರಗಟ್ಟುವಂತೆ ಚುಚ್ಚುಮದ್ದು ಕೊಡಲಾಗಿತ್ತು ಎಂಬ ತೀರ್ಮಾನಕ್ಕೆ ಬಂತು. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಮೂಳೆಯಲ್ಲಿ ಸೂಕ್ಷ್ಮ ಬಿರುಕುಗಳಿರುವ ಕಾಲು ನೋಯುತ್ತದೆ, ನೋವಿನಿಂದ ಕುದುರೆ ಕುಂಟುತ್ತದೆ, ಕುಂಟಿದರೆ ದಾರಿಯ ಮಧ್ಯದ ವೈದ್ಯಕೀಯ ತಪಾಸಣೆಯಲ್ಲಿ ಹೊರಬೀಳುತ್ತದೆ. ನೋವೇ ತಿಳಿಯದಂತೆ ಮಾಡಿದರೆ ಅದು ಮೂಳೆ ತುಂಡಾಗುವವರೆಗೂ ಓಡುತ್ತದೆ. ಸವಾರನಿಗೆ 20 ವರ್ಷಗಳ ನಿಷೇಧ ವಿಧಿಸಿದ ತೀರ್ಪು ಬಂದದ್ದು 2020ರಲ್ಲಿ. ಆ ಶಿಕ್ಷೆ ಆ ಕ್ರೀಡೆಯಲ್ಲಿ ಅಪರೂಪದಷ್ಟು ಗಟ್ಟಿಯಾದದ್ದು, ಅದನ್ನು ಕೊಟ್ಟ ಮಂಡಳಿಯನ್ನು ಮೆಚ್ಚುತ್ತೇನೆ. ಆದರೆ ತೀರ್ಪಿನವರೆಗಿನ ಸುಮಾರು ನಾಲ್ಕು ವರ್ಷಗಳ ಕಾಲ ಅದೇ ಹಾದಿಗಳಲ್ಲಿ ಓಟಗಳು ನಡೆಯುತ್ತಲೇ ಇದ್ದವು.

ಡುಜಾರ್ಡಿನ್ ಪ್ರಕರಣದಲ್ಲಿ 2024ರ ಡಿಸೆಂಬರಿನಲ್ಲಿ ಬಂದ ತೀರ್ಪು ಒಂದು ವರ್ಷದ ಅಮಾನತು ಮತ್ತು 10,000 ಸ್ವಿಸ್ ಫ್ರಾಂಕ್ ದಂಡ. ಅಮಾನತನ್ನು ಜುಲೈಯಿಂದಲೇ ಲೆಕ್ಕ ಹಾಕಿದ್ದರಿಂದ ತೀರ್ಪಿನ ದಿನಕ್ಕೆ ಅರ್ಧದಷ್ಟು ಕಾಲ ಮುಗಿಯುತ್ತ ಬಂದಿತ್ತು. ಅದು ಹೆಚ್ಚೋ ಕಡಿಮೆಯೋ ಎಂಬುದು ನನ್ನ ಪ್ರಶ್ನೆಯಲ್ಲ. ಖಾಸಗಿ ಲಾಯದಲ್ಲಿ ನಡೆದ ಕೃತ್ಯವೂ ತನ್ನ ವ್ಯಾಪ್ತಿಗೆ ಬರುತ್ತದೆ ಎಂದು ಎಫ್‌ಇಐ ಅಲ್ಲಿ ತೋರಿಸಿಕೊಟ್ಟಿದೆ. ಹಾಗಾಗಿ ‘ಸ್ಪರ್ಧಾಂಗಣದ ಹೊರಗೆ ನಡೆದದ್ದು ನಮಗೆ ಸಂಬಂಧಿಸಿಲ್ಲ’ ಎಂದು ಯಾವ ರಾಷ್ಟ್ರೀಯ ಒಕ್ಕೂಟವೂ ಇನ್ನು ಜಾರಿಕೊಳ್ಳಬಾರದು.

ಸೈಸ್ ಮನೆತನದವನು, ಬೆಂಗಳೂರು

ನಮ್ಮ ತಂದೆ ಬದುಕಿನುದ್ದಕ್ಕೂ ಲಾಯದಲ್ಲಿ ಸೈಸ್ ಆಗಿ, ಅಂದರೆ ಕುದುರೆಗಳನ್ನು ನೋಡಿಕೊಳ್ಳುವ ಆಳಾಗಿ, ದುಡಿದರು. ಮೇಲಿನ ಬರಹಗಳಲ್ಲಿ ಒಕ್ಕೂಟ, ಸವಾರ, ವೈದ್ಯ, ತೀರ್ಪುಗಾರ ಎಲ್ಲರೂ ಇದ್ದಾರೆ. ಬೆಳಗಿನ ನಾಲ್ಕೂವರೆಗೆ ಕುದುರೆಯ ಮೈ ಉಜ್ಜುವವನು ಇಲ್ಲ. ಪಕ್ಕೆಯ ಕೂದಲು ಸವೆದಿದೆಯೇ, ತುಟಿಯ ಮೂಲೆ ಹರಿದಿದೆಯೇ, ನಿನ್ನೆ ಸಂಜೆ ತಿಂದ ಕುದುರೆ ಇಂದು ಹುರುಳಿ ಮುಟ್ಟುತ್ತಿಲ್ಲವೇ, ಗೊರಸಿನ ಮೇಲೆ ಕೈಯಿಟ್ಟರೆ ಬಿಸಿ ತಾಗುತ್ತಿದೆಯೇ ಎಂಬುದು ಮೊದಲು ತಿಳಿಯುವುದು ಅವನಿಗೆ. ನಮ್ಮ ತಂದೆ ಕಾಲಿನ ಪಟ್ಟಿ ಬಿಚ್ಚುವಾಗ ಹೆಬ್ಬೆರಳಿನಿಂದ ಹಿಂಗಾಲಿನ ನರವನ್ನು ಮೇಲಿನಿಂದ ಕೆಳಗೆ ಒತ್ತುತ್ತ ಬರುತ್ತಿದ್ದರು. ಕುದುರೆ ಎಲ್ಲಿ ಕಾಲೆಳೆದುಕೊಳ್ಳುತ್ತದೆಯೋ ಅಲ್ಲಿ ನಿಲ್ಲಿಸಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಓದು ಬರಹ ಬಾರದ ಅವರ ದಾಖಲೆ ಪುಸ್ತಕ ಆ ಗೋಡೆ. ಒಮ್ಮೆ, ಗೆರೆ ಎಳೆದ ಕುದುರೆಯನ್ನು ಸ್ಪರ್ಧೆಗೆ ಇಳಿಸಬೇಡಿ ಎಂದದ್ದಕ್ಕೆ ಮಾಲೀಕರು ಅವರನ್ನು ಮರುದಿನ ಬೇರೆ ಲಾಯಕ್ಕೆ ಹಾಕಿದರು.

ಡುಜಾರ್ಡಿನ್ ಪ್ರಕರಣದಲ್ಲಿ ದೂರು ಕೊಟ್ಟದ್ದು ಒಬ್ಬ ಚಿಕ್ಕ ವಯಸ್ಸಿನ ವಿದ್ಯಾರ್ಥಿನಿಯ ಪರವಾಗಿ, ವಕೀಲರ ಮೂಲಕ, ಹೆಸರು ಹೊರಬರದಂತೆ. ಆಕೆಗೆ ವಕೀಲರು ಸಿಕ್ಕರು. ಲಾಯದ ಮೇಲಿನ ಕೋಣೆಯಲ್ಲಿ ಸಂಸಾರ ಇಟ್ಟುಕೊಂಡಿರುವ ಸೈಸ್ ದೂರು ಕೊಟ್ಟರೆ ಕೆಲಸದ ಜೊತೆ ಮನೆಯನ್ನೂ ಕಳೆದುಕೊಳ್ಳುತ್ತಾನೆ. ಅವನಿಗೆ ರಕ್ಷಣೆ ಕೊಡುವ ಒಂದು ಸಾಲು ಯಾವ ನಿಯಮಪುಸ್ತಕದಲ್ಲಾದರೂ ಇದ್ದರೆ ದಯವಿಟ್ಟು ತೋರಿಸಿ.

ಸವಾರಿ ತರಬೇತುದಾರ, ಯಲಹಂಕ

ಸೈಸ್ ಮನೆತನದ ಗೆಳೆಯರೇ, ನಿಮ್ಮ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಕುದುರೆಯ ಜವಾಬ್ದಾರಿಯನ್ನೆಲ್ಲ ಅವರ ಕೈಗೆ ಕೊಟ್ಟು, ಕುದುರೆಯ ಬಗ್ಗೆ ಮಾತನಾಡುವ ಹಕ್ಕನ್ನು ಮಾತ್ರ ಕೊಡದಿರುವುದು ನಮ್ಮ ಕ್ಷೇತ್ರದ ದೊಡ್ಡ ಲೋಪ. ರಕ್ತದ ನಿಯಮದ ಬಗ್ಗೆ ನನ್ನ ನಿಲುವು ಹಾಗೆಯೇ ಇದೆ, ಆದರೆ ಎಚ್ಚರಿಕೆಗಳ ದಾಖಲೆ ಸಾರ್ವಜನಿಕವಾಗಿ ಸಿಗದಿದ್ದರೆ ಆ ನಿಲುವಿಗೂ ಆಧಾರವಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಕನ್ನಡಿಗ, ಆಖನ್, ಜರ್ಮನಿ

ಇಲ್ಲಿ ಪ್ರತಿವರ್ಷ ದೊಡ್ಡ ಸ್ಪರ್ಧೆ ನಡೆಯುವುದರಿಂದ ಈ ವಿಷಯ ಊರಿನ ಮಾತೇ ಆಗಿದೆ. ಒಕ್ಕೂಟವೊಂದು ಹೊಣೆ ಹೊತ್ತರೆ ಏನಾಗುತ್ತದೆ, ಹೊರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುದುರೆ ಸವಾರಿಯೂ ಸೇರಿ ಐದು ಸ್ಪರ್ಧೆಗಳಿದ್ದ ಮಾಡರ್ನ್ ಪೆಂಟಾಥ್ಲಾನ್‌ನ ಕಥೆಯನ್ನು ಸೇರಿಸುತ್ತೇನೆ. ಆ ಕ್ರೀಡೆಯಲ್ಲಿ ಸ್ಪರ್ಧಿಗೆ ಚೀಟಿ ಎತ್ತಿ ಅಪರಿಚಿತ ಕುದುರೆಯನ್ನು ಕೊಡುತ್ತಿದ್ದರು, ಪರಿಚಯಕ್ಕೆ ಸಿಗುತ್ತಿದ್ದುದು ಇಪ್ಪತ್ತು ನಿಮಿಷ. ಟೋಕಿಯೊದಲ್ಲಿ ಜರ್ಮನಿಯ ಆನಿಕಾ ಷ್ಲೋಯ್ ಅವರಿಗೆ ಬಂದ ಸೇಂಟ್ ಬಾಯ್ ಅದಕ್ಕೂ ಮೊದಲು ಇನ್ನೊಬ್ಬ ಸ್ಪರ್ಧಿಯೊಂದಿಗೆ ಜಿಗಿಯಲು ನಿರಾಕರಿಸಿತ್ತು. ಬೆದರಿದ ಕುದುರೆಯ ಮೇಲೆ ಅಳುತ್ತಿದ್ದ ಸವಾರಳಿಗೆ ‘ಹೊಡೆ’ ಎಂದು ಕೋಚ್ ಕಿಮ್ ರೈಸ್ನರ್ ಕೂಗಿದರು, ಬೇಲಿಯಾಚೆಯಿಂದ ತಾವೇ ಮುಷ್ಟಿಯಿಂದ ಗುದ್ದಿದರು, ಆಟದಿಂದ ಹೊರಹಾಕಲ್ಪಟ್ಟರು. ಜಗತ್ತು ಆ ಇಬ್ಬರನ್ನು ಬೈಯಿತು. ಚೀಟಿ ಎತ್ತುವ ವ್ಯವಸ್ಥೆಯನ್ನು ದಶಕಗಳ ಕಾಲ ಇಟ್ಟುಕೊಂಡಿದ್ದು ಆ ಕ್ರೀಡೆಯ ಜಾಗತಿಕ ಸಂಸ್ಥೆ. ಆ ವ್ಯವಸ್ಥೆಯನ್ನು ತಿದ್ದುವ ಬದಲು ಅದು ಸವಾರಿಯನ್ನೇ ಕೈಬಿಟ್ಟು, ಪ್ಯಾರಿಸ್ ನಂತರ ಅಡೆತಡೆ ಓಟವನ್ನು ತಂದಿತು. ಸ್ಪರ್ಧಿಗಳಲ್ಲಿ ಹಲವರು ವಿರೋಧಿಸಿದರೂ ಕೇಳಲಿಲ್ಲ. ಎಫ್‌ಇಐಗೆ ಅಂತಹ ದಾರಿಯಿಲ್ಲ, ಕುದುರೆಯನ್ನು ತೆಗೆದರೆ ಅದರ ಬಳಿ ಉಳಿಯುವುದೇನೂ ಇಲ್ಲ. ಹಾಗಾಗಿಯೇ ಅದು ವ್ಯವಸ್ಥೆಯನ್ನು ತಿದ್ದಲೇಬೇಕು.

ಒಕ್ಕೂಟ ಮನಸ್ಸು ಮಾಡಿದಾಗ ತಿದ್ದಿದ್ದೂ ಉಂಟು. 2008ರ ಒಲಿಂಪಿಕ್ಸ್‌ನ ಸವಾರಿ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಹಲವು ಜಂಪಿಂಗ್ ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಪತ್ತೆಯಾಯಿತು. ಮೆಣಸಿನಕಾಯಿಯ ಖಾರದ ಆ ಅಂಶವನ್ನು ಕಾಲಿಗೆ ಹಚ್ಚಿದರೆ ಚರ್ಮ ಉರಿಯುತ್ತದೆ, ಅಡ್ಡಕಂಬಕ್ಕೆ ತಾಗಿದರೆ ನೋವು ಹೆಚ್ಚುವುದರಿಂದ ಕುದುರೆ ಕಾಲನ್ನು ಇನ್ನಷ್ಟು ಎತ್ತುತ್ತದೆ. ನಾರ್ವೆ ತಂಡ ಕಂಚಿನ ಪದಕ ಕಳೆದುಕೊಂಡಿತು. ಸ್ಪರ್ಧೆಯ ವೇಳೆ ಕುದುರೆಗಳ ಕಾಲುಗಳನ್ನು ಕೈಯಿಂದ ಒತ್ತಿ, ಉಷ್ಣ ಕ್ಯಾಮೆರಾದಿಂದ ನೋಡಿ ಪರೀಕ್ಷಿಸುವ ಪದ್ಧತಿ ಇಂದು ಇದೆ. ಯಾರ ಕಾಲನ್ನು ಬೇಕಾದರೂ ಯಾವಾಗ ಬೇಕಾದರೂ ನೋಡುವ ಅಧಿಕಾರವಿದ್ದರೆ ಎಷ್ಟು ಬದಲಾವಣೆ ಸಾಧ್ಯ ಎಂಬುದು ಅದರಿಂದ ತಿಳಿಯುತ್ತದೆ.

ಹವ್ಯಾಸಿ ಸವಾರ, ಬೆಂಗಳೂರು

ವಕೀಲರೇ, ಭಾರತದಲ್ಲಿ ನಮಗಿರುವ ದಾರಿ ಯಾವುದು?

ವಕೀಲ, ಮೈಸೂರು

ಕಾನೂನಿನಿಂದ ಆರಂಭಿಸಿದರೆ ನಿರಾಸೆಯೇ ಹೆಚ್ಚು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಪ್ರಾಣಿಯನ್ನು ಹೊಡೆದು ಹಿಂಸಿಸಿದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ 1965ರ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಪ್ರಕರಣದಲ್ಲಿ, ಹಸಿವು, ನೋವು, ಭಯಗಳಿಂದ ಮುಕ್ತಿಯೂ ಸೇರಿದಂತೆ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಈ ಕಾಯ್ದೆಯೊಳಗೆ ಓದಿಕೊಂಡಿತು. ಕಂಬಳದ ವಾದವಿವಾದದಲ್ಲಿ ಕನ್ನಡಿಗರಿಗೆ ಆ ತೀರ್ಪು ಚೆನ್ನಾಗಿ ಪರಿಚಯವಾಗಿದೆ. 50 ರೂಪಾಯಿಯ ದಂಡ ಲಕ್ಷಾಂತರ ರೂಪಾಯಿಯ ಕುದುರೆಯ ಮಾಲೀಕನನ್ನು ತಡೆಯಲಾರದು. ಆದ್ದರಿಂದಲೇ ಒಕ್ಕೂಟದ ಶಿಸ್ತುಕ್ರಮ, ಅಂದರೆ ಸ್ಪರ್ಧಿಸುವ ಅವಕಾಶವನ್ನೇ ಕಿತ್ತುಕೊಳ್ಳುವ ಅಧಿಕಾರ, ಕಾನೂನಿಗಿಂತ ಹೆಚ್ಚು ಪರಿಣಾಮಕಾರಿ.

ಇಎಫ್‌ಐನ ಆಡಳಿತ ಮತ್ತು ಮತದಾನದ ಹಕ್ಕಿನ ಕುರಿತ ವ್ಯಾಜ್ಯ ದೆಹಲಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದಿದೆ. ಯಾರಿಗೆ ಮತ, ಯಾರಿಗೆ ಕುರ್ಚಿ ಎಂಬ ಆ ಜಗಳದಲ್ಲಿ ಕುದುರೆ ಎಂಬ ಪದವೇ ಅಪರೂಪ. 2025ರ ಆಗಸ್ಟಿನಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಒಕ್ಕೂಟಗಳ ಮೇಲೆ ರಾಷ್ಟ್ರೀಯ ಕ್ರೀಡಾ ಮಂಡಳಿಯನ್ನೂ, ವಿವಾದಗಳಿಗೆ ನ್ಯಾಯಮಂಡಳಿಯನ್ನೂ ಸ್ಥಾಪಿಸುತ್ತದೆ. ಪಾರದರ್ಶಕತೆಯ ಪ್ರಶ್ನೆಗಳನ್ನು ಎತ್ತಲು ಈಗ ಮೊದಲಿಗಿಂತ ಒಳ್ಳೆಯ ಸಮಯ.

ಎಫ್‌ಇಐನ ಮಹಾಸಭೆಯಲ್ಲಿ ಪ್ರತಿ ಸದಸ್ಯ ಒಕ್ಕೂಟಕ್ಕೂ ಒಂದೇ ಮತ. ಜರ್ಮನಿಯ ಮತಕ್ಕೂ ಭಾರತದ ಮತಕ್ಕೂ ಸಮಾನ ತೂಕ. ವ್ಯಕ್ತಿಗಳಾಗಿ ನಾವು ಅಲ್ಲಿ ಏನೂ ಕೇಳಲಾಗದು, ಆದರೆ ನಮ್ಮ ಹೆಸರಿನಲ್ಲಿ ಚಲಾಯಿಸಿದ ಮತದ ಬಗ್ಗೆ ಇಲ್ಲಿ ಕೇಳಬಹುದು.

ಹವ್ಯಾಸಿ ಸವಾರ, ಬೆಂಗಳೂರು

ಹಾಗಾದರೆ ನಮ್ಮ ಪ್ರಶ್ನೆಗಳ ಪತ್ರವೊಂದನ್ನು ಇಎಫ್‌ಐ ಕಾರ್ಯದರ್ಶಿಯವರ ಹೆಸರಿಗೆ, ಪ್ರತಿಯನ್ನು ರಾಜ್ಯ ಸಂಘಕ್ಕೆ ಎಂದು ಬರೆಯುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ರಕ್ತದ ನಿಯಮದ ಮೇಲೆ ಭಾರತದ ಪ್ರತಿನಿಧಿ ಯಾವ ಕಡೆ ಮತ ಹಾಕಿದರು, ಆ ನಿರ್ಧಾರ ಯಾವ ಸಭೆಯಲ್ಲಿ ಆಯಿತು ಎಂಬುದು ಮೊದಲ ಪ್ರಶ್ನೆ. ದೇಶದೊಳಗಿನ ಸ್ಪರ್ಧೆಗಳಲ್ಲಿ ಸತ್ತ, ಗಾಯಗೊಂಡ ಮತ್ತು ರಕ್ತದ ಕಾರಣಕ್ಕೆ ಎಚ್ಚರಿಕೆ ಪಡೆದ ಕುದುರೆಗಳ ವಿವರವನ್ನು ಪ್ರತಿವರ್ಷ ಪ್ರಕಟಿಸಬೇಕೆಂಬುದು ಎರಡನೆಯದು. ಎಚ್ಚರಿಕೆಗಳ ದಾಖಲೆ ಸಾರ್ವಜನಿಕವಾಗಿ ಸಿಗಬೇಕೆಂಬುದನ್ನು ತರಬೇತುದಾರರೂ ಒಪ್ಪಿದ್ದಾರೆ. ಡಾಕ್ಟರು ವಿವರಿಸಿದ ನೋಸ್‌ಬ್ಯಾಂಡ್ ಅಳತೆ ಜೂನಿಯರ್ ಸ್ಪರ್ಧೆಗಳಿಂದಲೇ ಕಡ್ಡಾಯವಾಗಬೇಕು ಎಂಬುದನ್ನೂ ಮೂರನೆಯದಾಗಿ ಸೇರಿಸುತ್ತೇನೆ.

ಸೈಸ್ ಮನೆತನದವನು, ಬೆಂಗಳೂರು

ಸೈಸ್‌ಗಳ ದೂರನ್ನು ಹೆಸರು ಬಹಿರಂಗವಾಗದಂತೆ, ಸವಾರರೂ ಮಾಲೀಕರೂ ಇಲ್ಲದ ಸಮಿತಿಯೊಂದು ಸ್ವೀಕರಿಸಬೇಕು, ದೂರು ಕೊಟ್ಟವನನ್ನು ಕೆಲಸದಿಂದ ತೆಗೆದರೆ ಆ ಲಾಯದ ಕುದುರೆಗಳಿಗೆ ಸ್ಪರ್ಧೆಯಲ್ಲಿ ಪ್ರವೇಶ ಇರಬಾರದು ಎಂದು ಬರೆಯಿರಿ. ದೂರನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ, ಕನ್ನಡದಲ್ಲೋ ಹಿಂದಿಯಲ್ಲೋ ಉರ್ದುವಿನಲ್ಲೋ, ಹೇಳಲು ಅವಕಾಶವಿರಬೇಕು. ಇಂಗ್ಲಿಷಿನ ಫಾರಂ ತುಂಬಬೇಕೆಂದರೆ ಒಂದು ದೂರೂ ಬಾರದು.

ವಕೀಲ, ಮೈಸೂರು

ಈ ಅಂಶವನ್ನು ನಾಲ್ಕನೆಯದಾಗಿ ಅಲ್ಲ, ಮೊದಲನೆಯದಾಗಿ ಇಡಿ. ಕರಡನ್ನು ಇಲ್ಲಿಯೇ ಹಾಕಿ, ಕಾನೂನಿನ ಭಾಷೆಯನ್ನು ನಾನು ನೋಡಿಕೊಡುತ್ತೇನೆ. ಉತ್ತರಕ್ಕೆ ಮೂವತ್ತು ದಿನಗಳ ಗಡುವನ್ನು ಪತ್ರದಲ್ಲೇ ನಮೂದಿಸಿ.